ಯುದ್ಧ ನಡೆಯದ ಜಾಗ

ಕಣಿವೆಗೆ ಇಳಿಯುವ ರಸ್ತೆಯ ಮೊದಲ ತಿರುವಿನಲ್ಲಿ ಒಂದು ಕಲ್ಲು ನಿಂತಿತ್ತು. ಅದರ ಮೇಲೆ ಹೀಗೆ ಕೆತ್ತಿತ್ತು: ‘ಇಲ್ಲಿ ಯುದ್ಧ ನಡೆಯಲಿಲ್ಲ. ದಂಡೆತ್ತಿ ಬಂದ ಸೈನ್ಯ ಮಂಜಿನಲ್ಲಿ ದಾರಿ ಕಾಣದೆ, ಕಾದು ಕಾದು ಬೇಸತ್ತು, ಬಂದ ದಾರಿಯಲ್ಲೇ ಹಿಂದಿರುಗಿತು.’

ಹೊಸಬರು ಗಾಡಿ ನಿಲ್ಲಿಸಿ ಓದಿ ನಗುತ್ತಿದ್ದರು. ನಡೆಯದೇ ಇದ್ದದ್ದಕ್ಕೆ ಯಾರಾದರೂ ಕಲ್ಲು ನೆಡುತ್ತಾರೆಯೇ ಎಂದು ಪುರಸಭೆಯ ಅಧ್ಯಕ್ಷರೂ ಮೊದಲಿಗೆ ತಕರಾರು ಮಾಡಿದ್ದರು. ಶಾಲೆಯ ಚರಿತ್ರೆ ಟೀಚರ್ ಎದ್ದು ನಿಂತು, “ನಡೆದಿದ್ರೆ ಅಧ್ಯಕ್ಷರೇ, ಇವತ್ತು ಆ ಕುರ್ಚಿ ಮೇಲೆ ಕೂರೋಕೆ ನೀವೂ ಇರ್ತಿರಲಿಲ್ಲ, ಎದುರು ಮಾತಾಡೋಕೆ ನಾನೂ ಇರ್ತಿರಲಿಲ್ಲ” ಅಂದಿದ್ದರು. ಅಧ್ಯಕ್ಷರು ಬಾಯಿ ಮುಚ್ಚಿಕೊಂಡು ಸಹಿ ಹಾಕಿದ್ದರು.

ಆ ಕಲ್ಲನ್ನು, ಕಣಿವೆಯ ಸುತ್ತ ರಸ್ತೆಬದಿಗೆ ನಿಂತ ಉಳಿದ ಕಲ್ಲುಗಳನ್ನು ಕೆತ್ತಿದವನಿಗೆ ಊರೆಲ್ಲ ಕಲ್ಲಣ್ಣ ಎನ್ನುತ್ತಿತ್ತು. ಕೆಲಸದಿಂದ ಬಂದ ಹೆಸರು, ಸ್ವಭಾವಕ್ಕೂ ಒಪ್ಪಿತ್ತು. ಅವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಬಂಡೆಯಿಂದ ನೀರು ಹಿಂಡುವುದು ಸುಲಭ ಎಂದು ಅವನ ಅಕ್ಕನೇ ಹೇಳುತ್ತಿದ್ದಳು. ಗಂಡ ಸತ್ತ ಮೇಲೆ ಅಕ್ಕ ತಮ್ಮನ ಮನೆಗೇ ಬಂದು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ಹಿತ್ತಲಿನ ತಗಡಿನ ಚಾವಣಿಯ ಕೆಳಗೆ ಅವನ ಕೆಲಸ. ಮುಂದೆ ಯಂತ್ರದ ಟಕಟಕ, ಹಿಂದೆ ಉಳಿಯ ಟಣಟಣ, ನಡುವೆ ಅಡುಗೆಮನೆ. ತಮ್ಮನ ಮದುವೆ ಮಾತು ಈ ವರ್ಷ, ಬರುವ ವರ್ಷ ಎಂದು ಮುಂದಕ್ಕೆ ಹೋಗಿ ಹೋಗಿ ಒಂದು ದಿನ ಎಲ್ಲರಿಗೂ ಮರೆತೇಹೋಯಿತು.

ಕಲ್ಲುಗಳನ್ನು ನೆಡುವ ಯೋಚನೆ ಚರಿತ್ರೆ ಟೀಚರದೇ. ಹೊರಗಿನಿಂದ ಬಂದವರು, ಒಂಟಿ ಹೆಂಗಸು, ವಯಸ್ಸು ನಲವತ್ತರ ಹತ್ತಿರ. ಊರಿನವರಿಗೇ ಗೊತ್ತಿಲ್ಲದ ಊರಿನ ಸಂಗತಿಗಳನ್ನು ಮುದುಕರ ಬಾಯಿಂದ ಕೆದಕಿ ಕೆದಕಿ ತೆಗೆದಿದ್ದರು. ಜ್ವರದ ಪಿಡುಗು ಬಂದಾಗ ಪಕ್ಕದ ಹಳ್ಳಿಯವರು ದೂರದಿಂದಲೇ ಊಟ ತಂದಿಟ್ಟು ಹೋಗುತ್ತಿದ್ದ ಚಪ್ಪಟೆ ಬಂಡೆ, ಕುದುರೆ ಮೇಲೆ ಬಂದು ಹೆರಿಗೆ ಮಾಡಿಸುತ್ತಿದ್ದ ಡಾಕ್ಟರಮ್ಮನ ಮನೆಯ ಅಡಿಪಾಯ, ಹೊಳೆ ಕೊಚ್ಚಿಕೊಂಡು ಹೋದ ಹಳೇ ಸೇತುವೆ. ಒಂದೊಂದು ಜಾಗಕ್ಕೂ ಒಂದೊಂದು ಕಲ್ಲು.

ಆ ಚಳಿಗಾಲವೆಲ್ಲ ಅವರಿಬ್ಬರೂ ಕಲ್ಲಣ್ಣನ ಹಳೇ ಗೂಡ್ಸ್ ಗಾಡಿಯಲ್ಲಿ ಕಣಿವೆ ಸುತ್ತಿದರು. ಟೀಚರ್ ದೊಡ್ಡ ಹಾಳೆಯ ಮೇಲೆ ಇದ್ದಿಲಿನಿಂದ ಅಕ್ಷರ ಬರೆದು ತರುತ್ತಿದ್ದರು. ಅವನು ಕಲ್ಲಿನ ಮೇಲೆ ಅದನ್ನು ಇಳಿಸಿಕೊಂಡು ಕೆತ್ತುತ್ತಿದ್ದ. ಅಕ್ಷರದ ವಿಷಯದಲ್ಲಿ ಅವರದು ಬಿಡದ ಹಟ. ಅಂಗಡಿ ಬೋರ್ಡಿನಲ್ಲಿ ತಪ್ಪು ಕಂಡರೆ ಗಾಡಿ ನಿಲ್ಲಿಸಿ ಇಳಿದು, “ಅಣ್ಣಾ, ನಿಮ್ಮ ಅಂಗಡೀಲಿ ಒಂದು ದೀರ್ಘ ಕಳೆದುಹೋಗಿದೆ” ಎಂದು ಹೇಳಿಯೇ ಬರುತ್ತಿದ್ದರು. ಒಮ್ಮೆ ಓಡುವ ಬಸ್ಸು ನಿಲ್ಲಿಸಿ, ಅದರ ಹಿಂದೆ ಬರೆದಿದ್ದ ‘ಅಂತರ ಕಪಾಡಿ’ಯನ್ನು ಕಂಡಕ್ಟರನ ಕೈಯಲ್ಲೇ ತಿದ್ದಿಸಿದ್ದರು. ಎಲ್ಲರೂ ಕಲ್ಲಣ್ಣ ಎಂದರೆ ಅವರೊಬ್ಬರು ಅವನನ್ನು ‘ಮೇಸ್ತ್ರಿಗಳೇ’ ಎನ್ನುತ್ತಿದ್ದರು. ಆ ಒಂದು ಶಬ್ದ ಕೇಳಲು ಅವನು ಬೇಕೆಂದೇ ಕಿವಿ ಕೇಳಿಸದವನ ಹಾಗೆ ಇರುತ್ತಿದ್ದ. ಎರಡನೆಯ ಸಲ ಕರೆಯಲಿ ಎಂದು.

ಮೊದಲ ತಿರುವಿನ ಕಲ್ಲು ನೆಟ್ಟ ದಿನ ಮಂಜು ಕವಿಯಿತು. ಎದುರಿನ ರಸ್ತೆ ಇರಲಿ, ಗಾಡಿಯ ಮೂತಿಯೂ ಕಾಣದಷ್ಟು. ಇಬ್ಬರೂ ಗಾಡಿಯೊಳಗೆ ಕೂತು ಬೇಯಿಸಿದ ಮೊಟ್ಟೆ, ಬ್ರೆಡ್ಡು ತಿಂದರು. ಮೊಟ್ಟೆಯ ಸಿಪ್ಪೆಯನ್ನು ಟೀಚರ್ ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡು, ಕಿಟಕಿಯ ಕಡೆ ನೋಡುತ್ತಲೇ ಕೇಳಿದರು.

“ಈ ಕಲ್ಲುಗಳ ಕೆಲಸ ಮುಗಿದ ಮೇಲೆ ಏನು ಮಾಡ್ತೀರಿ, ಮೇಸ್ತ್ರಿಗಳೇ?”

ಅವನು ಹೇಳಲು ಹೊರಟದ್ದು ಒಂದು. ಬಾಯಿಗೆ ಬರುವಷ್ಟರಲ್ಲಿ ಅದು ಬೇರೆಯೇ ಆಗಿತ್ತು. “ಹಾಲಿನ ಡೈರಿಯವರ ಮೆಟ್ಟಿಲು ಬಾಕಿ ಇದೆ” ಅಂದ.

“ಓ” ಎಂದರು ಟೀಚರ್. ಕರವಸ್ತ್ರದ ಗಂಟು ಬಿಗಿಮಾಡುತ್ತ, “ಒಳ್ಳೇ ಕೆಲಸ. ಮೆಟ್ಟಿಲು ಎಲ್ಲರಿಗೂ ಬೇಕು” ಎಂದರು.

ಮಂಜು ಕರಗಿತು. ಗಾಡಿ ಇಳಿಯಿತು. ಆ ವರ್ಷ ಶಾಲೆ ಮುಗಿಯುವ ಹೊತ್ತಿಗೆ ಟೀಚರ ಅಣ್ಣನಿಗೆ ಪಾರ್ಶ್ವವಾಯು ಹೊಡೆಯಿತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ದೂರದ ನಗರದಲ್ಲಿ ಇನ್ನೊಂದು ಶಾಲೆಗೆ ವರ್ಗ ಮಾಡಿಸಿಕೊಂಡು ಎರಡು ಪೆಟ್ಟಿಗೆಯೊಂದಿಗೆ ಬಸ್ಸು ಹತ್ತಿದರು. ಕಲ್ಲಣ್ಣ ಆಗ ಡೈರಿಯ ಮೆಟ್ಟಿಲು ಕೂರಿಸುತ್ತಿದ್ದ. ಬಸ್ಸು ಎದುರಿಗೇ ಹಾದುಹೋಯಿತು. ಕೈಯಲ್ಲಿ ಮಟ್ಟ ನೋಡುವ ರಸಮಟ್ಟ ಇತ್ತು. ಅದನ್ನೇ ಎತ್ತಿ ಬೀಸಿದ. ಬಸ್ಸಿನೊಳಗಿಂದ ಯಾರು ಕೈ ಬೀಸಿದರೋ, ಬೀಸಿದ್ದು ಟೀಚರೇ ಹೌದೋ ಅಲ್ಲವೋ, ಇವತ್ತಿಗೂ ಅವನಿಗೆ ಖಚಿತವಿಲ್ಲ.

ಹನ್ನೆರಡು ಹದಿಮೂರು ವರ್ಷ ಹಾಗೇ ಉರುಳಿದವು. ಆ ರಸ್ತೆಯಲ್ಲಿ ಯಾವ ಕೆಲಸಕ್ಕೆ ಹೋದರೂ ಅವನು ಕಲ್ಲುಗಳ ಹತ್ತಿರ ನಿಲ್ಲುತ್ತಿದ್ದ. ಪಾಚಿ ಕೆರೆದು, ಸುತ್ತಲ ಹುಲ್ಲು ಕಿತ್ತು, ಅಕ್ಷರಗಳೊಳಗೆ ಕೂತ ಧೂಳನ್ನು ಕುಂಚದಿಂದ ಗುಡಿಸಿ ಬರುತ್ತಿದ್ದ. ಪುರಸಭೆ ಹೇಳಿದ ಕೆಲಸವಲ್ಲ ಅದು. ದೀರ್ಘದ ಬಾಲವನ್ನು ಟೀಚರ್ ಮೇಲಕ್ಕೆ ಎಳೆದು ಬರೆಯುತ್ತಿದ್ದರು, ಆ ಬಾಲದ ಹತ್ತಿರ ಕುಂಚ ತುಸು ಹೆಚ್ಚು ಹೊತ್ತು ನಿಲ್ಲುತ್ತಿತ್ತು.

ಆಮೇಲೆ ರಸ್ತೆ ಅಗಲ ಮಾಡುವ ಕೆಲಸ ಬಂತು. ಕಲ್ಲುಗಳನ್ನು ಕಿತ್ತು ಹಿಂದಕ್ಕೆ ನೆಡಬೇಕು ಎಂದರು. ಉಳಿದವೆಲ್ಲ ಕ್ಷೇಮವಾಗಿ ಹಿಂದೆ ಸರಿದವು. ಮೊದಲ ತಿರುವಿನ ಕಲ್ಲಿಗೆ ಮಾತ್ರ ಮಣ್ಣು ಅಗೆಯುವ ಯಂತ್ರದ ಮೂತಿ ತಾಗಿ ಅದು ನಡುವಿಗೇ ಮುರಿಯಿತು. ಸೈನ್ಯದ ಕೈಗೂ ಸಿಗದ ಜಾಗ ಯಂತ್ರದ ಕೈಗೆ ಸಿಕ್ಕಿತು ಎಂದು ಕ್ಷೌರದಂಗಡಿಯವನು ನಗಾಡಿದ. ರಸ್ತೆ ಇಂಜಿನಿಯರ್ ಬಂದು ಕಲ್ಲಣ್ಣನಿಗೆ, “ಅದೇ ಮಾತು, ಹೊಸ ಕಲ್ಲು. ಬೇಗ ಮಾಡಿಕೊಡಿ” ಎಂದು ಹೇಳಿ ಹೋದ.

ಅವನು ಮುರಿದ ತುಂಡುಗಳನ್ನು ಹಿತ್ತಲಿನಲ್ಲಿ ಜೋಡಿಸಿಟ್ಟು, ಅದನ್ನೇ ನೋಡಿಕೊಂಡು ಹೊಸದನ್ನು ಕೆತ್ತತೊಡಗಿದ. ‘ಇಲ್ಲಿ’ ಮುಗಿಯಿತು. ‘ಯು’ ಮುಗಿಯಿತು. ‘ದ್ಧ’ಕ್ಕೆ ಬಂದಾಗ ಉಳಿ ನಿಂತಿತು. ಒತ್ತಕ್ಷರದ ಹೊಟ್ಟೆ ಸೀಳುವ ಆ ಸಣ್ಣ ಗೀರು ಒಂದೇ ಬಾಕಿ. ಎರಡು ಏಟಿನ ಕೆಲಸ. ಟೀಚರ್ ಇದನ್ನು ನೋಡಿದರೆ ಏನನ್ನುತ್ತಿದ್ದರು ಎಂಬ ಯೋಚನೆ ಬಂತು. ನೋಡಿದರೆ ಬಸ್ಸು ಇಳಿದು ಬರುತ್ತಿದ್ದರು. ಹೊಟ್ಟೆ ಸೀಳದ ‘ಧ’ವನ್ನು ಅವರು ಕನಸಿನಲ್ಲೂ ಸಹಿಸುವವರಲ್ಲ. ಅವನು ಉಳಿಯನ್ನು ಎತ್ತಿಕೊಂಡು ಮುಂದಿನ ಅಕ್ಷರಕ್ಕೆ ಹೋದ. ಕಳ್ಳತನ ಮಾಡಿದವನ ಹಾಗೆ ಸುತ್ತ ನೋಡಿದ. ತಗಡಿನ ಮೇಲೆ ಕೂತ ಕಾಗೆಯ ಹೊರತು ಯಾರೂ ಇರಲಿಲ್ಲ.

ಕಲ್ಲು ನೆಟ್ಟರು. ಅಧ್ಯಕ್ಷರು ಬಂದು ನೋಡಿದರು, ಇಂಜಿನಿಯರ್ ಫೋಟೊ ತೆಗೆದ, ಶಾಲೆಯ ಮಕ್ಕಳು ಸಾಲಾಗಿ ನಿಂತು ಗಟ್ಟಿಯಾಗಿ ಓದಿದರು. ಯಾರಿಗೂ ಏನೂ ಕಾಣಲಿಲ್ಲ! ವಾರ ಕಳೆಯಿತು, ತಿಂಗಳು ಕಳೆಯಿತು. ಹೊಸ ಚರಿತ್ರೆ ಮೇಷ್ಟ್ರು ಅದರ ಪಕ್ಕದಲ್ಲೇ ದಿನಾ ಸೈಕಲ್ಲು ನಿಲ್ಲಿಸಿ ಬೀಡಿ ಸೇದುತ್ತಿದ್ದರು. ಅವರ ಕಣ್ಣಿಗೂ ಬೀಳಲಿಲ್ಲ. ತಪ್ಪು ಮಾಡುವುದಕ್ಕಿಂತ ತಪ್ಪು ಹಿಡಿಸುವುದೇ ಕಷ್ಟ ಎಂದು ಕಲ್ಲಣ್ಣನಿಗೆ ಆಗ ಗೊತ್ತಾಯಿತು. ಕೊನೆಗೆ ತಡೆಯಲಾರದೆ ಕ್ಷೌರದ ಕುರ್ಚಿಯಲ್ಲಿ ಕೂತು, ಮುಖದ ತುಂಬ ನೊರೆ ಇರುವಾಗ, ತಾನೇ ಬಾಯಿಬಿಟ್ಟ.

“ಆ ಮೊದಲ ತಿರುವಿನ ಕಲ್ಲಲ್ಲಿ ಏನೋ ತಪ್ಪಾಗಿದೆಯಂತೆ.”

“ಯಾರಂದ್ರು?”

“ಯಾರೋ ಅಂದ್ರು.”

ಕ್ಷೌರದಂಗಡಿಯವನಿಗೆ ಅಷ್ಟು ಸಾಕಾಗಿತ್ತು. ಸಂಜೆಯೊಳಗೆ ಊರಿಗೆ ಊರೇ ತಿರುವಿಗೆ ಹೋಗಿ ನೋಡಿ ಬಂತು. ಬಸ್ ಕಂಡಕ್ಟರ್ ಫೋಟೊ ತೆಗೆದು ಸಿಕ್ಕಸಿಕ್ಕವರಿಗೆ ಕಳಿಸಿದ. “ಕಲ್ಲಣ್ಣನಿಗೆ ವಯಸ್ಸಾಯ್ತು” ಎಂದರು ಕೆಲವರು. “ಯುದ್ಧದ ಹೊಟ್ಟೇನೇ ಸೀಳಿಲ್ಲ, ಇನ್ನೆಲ್ಲಿ ಯುದ್ಧ ನಡೆದೀತು” ಎಂದು ಕೆಲವರು ನಕ್ಕರು. ಅವನು ನಕ್ಕವರ ಜೊತೆ ನಗದೆ, ದಿನಾ ಬಸ್ಸು ಬರುವ ಹೊತ್ತಿಗೆ ಹಿತ್ತಲು ಬಿಟ್ಟು ಅಂಗಳಕ್ಕೆ ಬಂದು ನಿಲ್ಲುತ್ತಿದ್ದ. ಬಸ್ಸಿನಿಂದ ತರಕಾರಿ ಮೂಟೆ ಇಳಿಯುತ್ತಿತ್ತು, ಮದುವೆಯಾದ ಹೆಣ್ಣುಮಕ್ಕಳು ತವರಿಗೆಂದು ಇಳಿಯುತ್ತಿದ್ದರು, ಔಷಧಿಯ ಪೆಟ್ಟಿಗೆ ಇಳಿಯುತ್ತಿತ್ತು. ಬಿಳಿ ಕೂದಲು ಕಂಡರೆ ಒಂದು ಹೆಜ್ಜೆ ಮುಂದೆ ಇಡುತ್ತಿದ್ದ. ಟೀಚರ ಕೂದಲು ಈಗ ಬೆಳ್ಳಗಾಗಿದೆಯೋ ಇಲ್ಲವೋ ಎನ್ನುವುದೂ ಅವನಿಗೆ ತಿಳಿದಿರಲಿಲ್ಲ.

ನಗೆ ಅಷ್ಟಕ್ಕೇ ನಿಲ್ಲಲಿಲ್ಲ. ಬೇಕರಿಯ ಮುದುಕ ತೀರಿಕೊಂಡಾಗ ಅವನ ಹೆಂಡತಿ ಸಮಾಧಿ ಕಲ್ಲಿನ ಕೆಲಸವನ್ನು ಪಕ್ಕದ ಊರಿನವನಿಗೆ ಕೊಟ್ಟಳು. ದಾರಿಯಲ್ಲಿ ಸಿಕ್ಕಾಗ ಕಣ್ಣು ತಪ್ಪಿಸಿ, “ಬೇಜಾರು ಮಾಡ್ಕೋಬೇಡ ಕಲ್ಲಣ್ಣ. ಯಜಮಾನ್ರ ಹೆಸರಲ್ಲೂ ಒಂದು ಒತ್ತು ಇದೆ. ತಪ್ಪಿಬಿಟ್ರೆ ಅಳಿಸೋಕಾಗಲ್ವಲ್ಲ” ಅಂದಳು. ಅವನು ಚಿಕ್ಕಂದಿನಿಂದ ಆ ಬೇಕರಿಯ ಬ್ರೆಡ್ಡು ತಿಂದವನು. ಮನೆಗೆ ಬಂದವನು ಊಟ ಸೇರದೆ ತಟ್ಟೆ ಸರಿಸಿದ.

ಅಕ್ಕ ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಒತ್ತಿ ನಿಲ್ಲಿಸಿದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದಳು. ಅವಳು ಹಾಗೆ ಮಾಡಿದಳೆಂದರೆ ದೊಡ್ಡ ಮಾತು ಬರುತ್ತದೆ ಎಂದೇ ಅರ್ಥ.

“ನಿನ್ನೆ ನಾನೂ ಹೋಗಿ ನೋಡ್ಕೊಂಡು ಬಂದೆ.”

“ಏನನ್ನ?”

“ನಿನ್ನ ಘನಕಾರ್ಯನ. ಲೋ ತಮ್ಮಾ, ಕೈತಪ್ಪಿ ಆಗೋ ತಪ್ಪು ಅಂದ್ರೆ ಒಂದು ಗೀರು ಜಾಸ್ತಿ ಬೀಳತ್ತೆ, ಅಳಿಸೋಕಾಗದೆ ಕಲ್ಲೇ ಹಾಳಾಗತ್ತೆ. ನೀನು ಮಾಡಿರೋದು ಯಾವತ್ತು ಬೇಕಾದ್ರೂ ಎರಡು ಏಟಲ್ಲಿ ಸರಿಹೋಗೋ ತಪ್ಪು. ಹುಷಾರಾಗಿ ಆರಿಸ್ಕೊಂಡಿದ್ದೀಯ.”

ಅವನು ತಲೆ ತಗ್ಗಿಸಿದ.

“ಕರೆಯೋಕೆ ಬಾಯಿಲ್ವಾ ನಿಂಗೆ? ಅವರು ಬರ್ಲಿ ಅಂತ ನಿನ್ನ ಹೆಸರಿಗೆ ನೀನೇ ಮಸಿ ಬಳ್ಕೊಳ್ತೀಯಾ?”

“ಏನಂತ ಕರೀಲಿ ಅಕ್ಕ?”

“ಹೆಸರು ಹಿಡಿದು ಕರಿ. ಟೀಚರ್ ಅಂತ ಕರಿ. ಕೆಮ್ಮು, ಗಂಟ್ಲು ಸರಿಮಾಡ್ಕೋ, ಏನಾದ್ರೂ ಮಾಡು. ಆ ಕಡೆಯವರಿಗೆ ನೀನು ಬದುಕಿದ್ದೀಯ ಅಂತಾದ್ರೂ ಗೊತ್ತಾಗ್ಲಿ.” ಶಾಲೆಯ ಗುಮಾಸ್ತೆಯ ರವಿಕೆ ಹೊಲಿಯುವಾಗ ಕೇಳಿಕೊಂಡ ನಂಬರು ಅವಳ ಫೋನಿನಲ್ಲಿ ಆಗಲೇ ಇತ್ತು. ಒತ್ತಿ, ಅವನ ಕೈಗೆ ತುರುಕಿ, ಅಡುಗೆಮನೆಗೆ ಹೋಗಿ ಬೇಕೆಂದೇ ಪಾತ್ರೆ ಸದ್ದು ಮಾಡತೊಡಗಿದಳು.

ಆ ಕಡೆ ರಿಂಗಾಯಿತು. ಎತ್ತಿದರು. “ಯಾರು?” ಧ್ವನಿ ಸ್ವಲ್ಪ ಒರಟಾಗಿತ್ತು. ಅಷ್ಟಾದರೂ ಅದೇ ಧ್ವನಿ.

“ನಾನು. ಕಲ್ಲಿನ ಕೆಲಸದ...”

“ಮೇಸ್ತ್ರಿಗಳೇ” ಎಂದರು ಅವರು.

ಕಲ್ಲಣ್ಣ ಗೋಡೆಗೆ ಒರಗಿಕೊಂಡ. ಅಲ್ಲಿ ಮಳೆಯೇ ಎಂದು ಕೇಳಿದ. ಇಲ್ಲ ಎಂದರು. ಇಲ್ಲೂ ಇಲ್ಲ ಎಂದ. ಅಣ್ಣ ಹೇಗಿದ್ದಾರೆ ಎಂದ. ಹಾಗೇ ಇದ್ದಾನೆ ಎಂದರು. ಇನ್ನೇನು ಕೇಳುವುದೆಂದು ತೋಚದೆ, “ರಸ್ತೆ ಅಗಲ ಆಯ್ತು. ಕಲ್ಲು ಒಂದು ಮುರೀತು. ಹೊಸದು ಮಾಡ್ದೆ. ಅದ್ರಲ್ಲಿ...” ಎಂದು ಎಳೆದ.

“ನೋಡಿದ್ದೀನಿ.”

“ಎಲ್ಲಿ?”

“ನಿಮ್ಮೂರಿನ ಕಂಡಕ್ಟರ್ ತೆಗೆದ ಫೋಟೊ ಯಾರ್ಯಾರ ಕೈ ದಾಟಿಯೋ ಮೊದಲ ವಾರನೇ ನನ್ನ ಹತ್ರ ಬಂತು. ನನ್ನ ಹಳೇ ವಿದ್ಯಾರ್ಥಿಗಳು ಸುಮ್ನೆ ಇರ್ತಾರಾ? ಟೀಚರ್, ನೋಡಿ ನೋಡಿ, ಧ ಹೊಟ್ಟೆ ಸೀಳಿಲ್ಲ ಅಂತ.”

ಇಷ್ಟು ದಿನ ಅಂಗಳದಲ್ಲಿ ನಿಂತು ಕಾದದ್ದು ಅವನ ಕಣ್ಣಮುಂದೆ ಬಂತು. “ಗೊತ್ತಿದ್ದೂ ಬರ್ಲಿಲ್ಲ” ಅಂದ. ಹೇಳಬೇಕೆಂದು ಹೇಳಿದ್ದಲ್ಲ. ಜೀವಮಾನದಲ್ಲಿ ಮೊದಲ ಸಲ ಮಾತು ಅವನನ್ನು ಕೇಳದೆ ಹೊರಬಿದ್ದಿತ್ತು.

ಆ ಕಡೆ ಹಿಂದೆ ಎಲ್ಲೋ ಮಂಚ ಕಿರುಗುಟ್ಟಿತು.

“ತಪ್ಪಾಗಿದ್ರೆ ಬರ್ತಿದ್ದೆ ಮೇಸ್ತ್ರಿಗಳೇ. ಅವತ್ತೇ ಬರ್ತಿದ್ದೆ. ನೋಡಿದ ಕೂಡ್ಲೆ ಗೊತ್ತಾಯ್ತು, ನೀವು ಕರೀತಿದ್ದೀರಿ ಅಂತ. ಚೀಲಕ್ಕೆ ಬಟ್ಟೇನೂ ತುಂಬಿದೆ. ಆಮೇಲೆ ಅಣ್ಣನ ಮುಖ ನೋಡಿದೆ. ಅಲ್ಲಿಗೆ ಬಂದ್ರೆ ನಾನು ವಾಪಸ್ ಬಸ್ಸು ಹತ್ತಲ್ಲ. ಅದು ನಂಗೆ ಗೊತ್ತು. ಅವನಿಗೆ ನಾನೊಬ್ಳೇ.” ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. “ಅದನ್ನ ಸರಿಮಾಡಿಬಿಡಿ. ನಿಮ್ಮ ಹೆಸರು ಕೆಡೋದು ನಂಗಿಷ್ಟ ಇಲ್ಲ.”

“ಸರಿ” ಅಂದ.

“ಇಡ್ಲಾ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅಕ್ಕ ಉಸಿರು ಬಿಗಿಹಿಡಿದು ನಿಂತಿರುವುದು ಗೋಡೆಯಾಚೆಗೂ ಗೊತ್ತಾಗುತ್ತಿತ್ತು. ಕಲ್ಲಣ್ಣ ಕಣ್ಣು ಮುಚ್ಚಿಕೊಂಡ.

“ನಾನೇ ಅಲ್ಲಿಗೆ ಬರ್ಲಾ?”

“ಮನೆ ಎರಡನೇ ಮಹಡಿ” ಎಂದರು ಟೀಚರ್. “ಮೆಟ್ಟಿಲು ತುಂಬ ಕಡಿದು.”

ಮಾರನೇ ಬೆಳಿಗ್ಗೆ ಅವನು ತಿರುವಿಗೆ ಹೋಗಿ ಆ ಗೀರು ಎಳೆದ. ಎರಡು ಏಟಿನ ಕೆಲಸಕ್ಕೆ ನಾಲ್ಕು ಏಟು ಬೇಕಾಯಿತು. ಅದರ ಮಾರನೇ ದಿನ ಬಸ್ಸು ಹತ್ತಿದ. ಅಕ್ಕ ಹೊಲಿದುಕೊಟ್ಟ ಹೊಸ ಅಂಗಿ ಕಂಕುಳಲ್ಲಿ ಬಿಗಿಯಾಗುತ್ತಿತ್ತು. ಅಳತೆ ತೆಗೆಯದೆ ಹೊಲಿದಿದ್ದಳು, ಕಣ್ಣಂದಾಜಿನಲ್ಲಿ, ಯಾವತ್ತೋ ಹೊಲಿದು ಇಟ್ಟಿದ್ದಳು.

ನಗರದ ಆ ಓಣಿ ಇಕ್ಕಟ್ಟಾಗಿತ್ತು. ಕೆಳಗೆ ಗಡಿಯಾರ ರಿಪೇರಿ ಅಂಗಡಿ, ಪಕ್ಕದಲ್ಲಿ ಮೆಟ್ಟಿಲು. ಟೀಚರ್ ಬಾಗಿಲು ತೆರೆದರು. ಕೂದಲು ಬೆಳ್ಳಗಾಗಿತ್ತು, ಬೆನ್ನು ತುಸು ಬಾಗಿತ್ತು. ಕೈಯಲ್ಲಿ ಒದ್ದೆ ಟವೆಲ್ಲು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎದುರಿಗಿದ್ದ ಮುಖದಲ್ಲಿ ಹಳೆಯದನ್ನು ಹುಡುಕಲು ಅವನಿಗೆ ಹೊತ್ತೇ ಹಿಡಿಯಲಿಲ್ಲ. ನೋಡುವುದನ್ನು ನಿಲ್ಲಿಸುವುದೇ ಕಷ್ಟವಾಯಿತು.

“ಬನ್ನಿ” ಎಂದರು. “ಅಣ್ಣನ ಮೈ ಒರೆಸ್ತಿದ್ದೆ.”

ಒಳಗೆ ಒಂದೇ ಕಿಟಕಿ. ಮಂಚದ ಮೇಲೆ ಅಣ್ಣ. ಬಾಯಿ ಒಂದು ಕಡೆಗೆ ಸೊಟ್ಟಗಿತ್ತು, ಕಣ್ಣು ಮಾತ್ರ ಚುರುಕು. ಮಾತು ಮುದ್ದೆಮುದ್ದೆಯಾಗಿ ಬರುತ್ತಿತ್ತು. ಟೀಚರ್ ಬಿಡಿಸಿ ಹೇಳುತ್ತಿದ್ದರು. ಕಿಟಕಿಯಿಂದ ಎದುರು ಮನೆಯ ಗೋಡೆ ಕಾಣುತ್ತಿತ್ತು, ಬೇರೇನೂ ಇಲ್ಲ. ಕಲ್ಲಣ್ಣ ಟವೆಲ್ಲು ಹಿಂಡಿ ಕೊಟ್ಟ, ಅಣ್ಣನನ್ನು ಮಗ್ಗುಲಿಗೆ ತಿರುಗಿಸಲು ಕೈ ಕೊಟ್ಟ. ಬಂಡೆ ಎತ್ತಿ ಪಳಗಿದ ತೋಳಿಗೆ ಆ ಮೈ ಹುಲ್ಲಿನ ಹೊರೆಯಷ್ಟು ಹಗುರ.

“ಇವರು ಹೊರಗೆ ಹೋಗೋದು ಯಾವಾಗ?” ಎಂದು ಕೇಳಿದ.

“ಎಲ್ಲಿ ಹೋಗ್ತಾನೆ? ಈ ಮೆಟ್ಟಿಲಲ್ಲಿ ಯಾರು ಹೊರ್ತಾರೆ? ಆಸ್ಪತ್ರೆಗೆ ಹೋದಾಗ ಆಳುಗಳು ಬಂದು ಒಯ್ದದ್ದು. ಅದೂ ವರ್ಷಗಳಾಯ್ತು.”

ಅಣ್ಣ ಏನೋ ಅಂದ. ಟೀಚರ್ ನಕ್ಕುಬಿಟ್ಟರು, ಕಣ್ಣು ಒರೆಸಿಕೊಂಡರು. “ಆ ಗೋಡೆಯ ಇಟ್ಟಿಗೆಗಳಿಗೆಲ್ಲ ತಾನು ಹೆಸರಿಟ್ಟಿದ್ದೀನಿ ಅಂತಾನೆ.”

ಕಲ್ಲಣ್ಣ ಮಂಚದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೆನ್ನು ತಿರುಗಿಸಿದ. “ಹತ್ತಿಸಿ” ಅಂದ.

“ಬೇಡ ಮೇಸ್ತ್ರಿಗಳೇ, ಬಿದ್ದುಬಿಟ್ರೆ...”

“ಹತ್ತಿಸಿ ಟೀಚರ್.”

ಹಾಸಿಗೆಯ ಬಟ್ಟೆಯಿಂದ ಅಣ್ಣನನ್ನು ಅವನ ಬೆನ್ನಿಗೆ ಬಿಗಿದು ಕಟ್ಟಿದರು. ಗೋಡೆಗೆ ಒಂದು ಕೈ ಕೊಟ್ಟು ಅವನು ಒಂದೊಂದೇ ಮೆಟ್ಟಿಲು ಇಳಿದ. ಮುಂದೆ ಟೀಚರ್ ಹಿಂದುಹಿಂದಾಗಿ ಇಳಿಯುತ್ತ, ಎರಡೂ ಕೈ ಚಾಚಿ, “ಹುಷಾರು, ಹುಷಾರು” ಎನ್ನುತ್ತಿದ್ದರು. ಇಬ್ಬರೂ ಉರುಳಿದರೆ ಆ ಕೈಗಳು ಏನನ್ನು ತಡೆಯುತ್ತಿದ್ದವೋ. ಕುತ್ತಿಗೆಯ ಮೇಲೆ ಅಣ್ಣನ ಉಸಿರು ಬಿಸಿಯಾಗಿ, ವೇಗವಾಗಿ ಬೀಳುತ್ತಿತ್ತು. ಓಣಿಗೆ ಇಳಿದಾಗ ಗಡಿಯಾರದಂಗಡಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜು ತೆಗೆದು ಎದ್ದುನಿಂತ.

ಓಣಿಯ ಕೊನೆಗೆ ಒಂದು ಸಣ್ಣ ಉದ್ಯಾನ, ಅದರಲ್ಲೊಂದು ಬೆಂಚು. ಅಣ್ಣನನ್ನು ನಡುವೆ ಕೂರಿಸಿ ಇಬ್ಬರೂ ಆಚೆ ಈಚೆ ಕೂತು ಆನಿಸಿಕೊಂಡರು. ಸಂಜೆಯ ಬಿಸಿಲು. ಐಸ್‌ಕ್ರೀಮಿನ ಗಾಡಿ, ಜಗಳವಾಡುವ ನಾಯಿಗಳು, ಶಾಲೆ ಬಿಟ್ಟ ಹುಡುಗಿಯರ ಕಲರವ. ಅಣ್ಣನ ಕಣ್ಣು ಎಲ್ಲವನ್ನೂ ಬಾಚಿಕೊಳ್ಳುತ್ತಿತ್ತು. ಅವನ ಬೆನ್ನ ಹಿಂದೆ ಆಸರೆಗೆಂದು ಚಾಚಿದ್ದ ಟೀಚರ ಕೈ, ಅದೇ ಆಸರೆಗೆಂದು ಆ ಕಡೆಯಿಂದ ಚಾಚಿದ್ದ ಕಲ್ಲಣ್ಣನ ತೋಳಿನ ಮೇಲೆ ಕೂತಿತ್ತು. ಇಬ್ಬರೂ ಅದನ್ನು ಸರಿಸಲಿಲ್ಲ.

“ಅವತ್ತು ಗಾಡೀಲಿ ನಾನು ಏನೋ ಕೇಳಿದ್ದೆ” ಎಂದರು ಟೀಚರ್, ಎದುರಿಗೆ ನೋಡುತ್ತಲೇ.

“ಹೂಂ.”

“ನೀವು ಡೈರಿ ಮೆಟ್ಟಿಲು ಅಂದ್ರಿ.”

“ಬಾಯಿಗೆ ಅದೇ ಬಂತು. ನಿಮ್ಮ ಜೊತೆ ಇರ್ತೀನಿ ಅನ್ನಬೇಕು ಅಂತಿದ್ದೆ” ಅಂದ.

ಟೀಚರ ಬೆರಳುಗಳು ಅವನ ತೋಳನ್ನು ಅಂಗಿ ಸಮೇತ ಹಿಡಿದುಕೊಂಡವು.

ಕಣಿವೆಗೆ ಹೋಗುವ ಕೊನೆಯ ಬಸ್ಸು ಹೊರಡುವ ಹೊತ್ತಾಗುತ್ತಿತ್ತು. ಅಲ್ಲಿ ಅಕ್ಕ ಒಬ್ಬಳೇ. ಅವಳ ಮೊಣಕಾಲು ಹಿಡಿದುಕೊಂಡು ನೀರು ಸೇದಲಾಗುತ್ತಿರಲಿಲ್ಲ. ಇಲ್ಲಿ ಅಣ್ಣ. ಇಬ್ಬರಿಗೂ ಅದು ಹೇಳದೆಯೇ ಗೊತ್ತಿತ್ತು. ಕಲ್ಲಣ್ಣ ಮತ್ತೆ ಕುಕ್ಕರಗಾಲಿನಲ್ಲಿ ಕೂರಲು ಎದ್ದಾಗ ಅಣ್ಣ ತಲೆ ಅಲ್ಲಾಡಿಸಿ ಏನೋ ಅಂದ. ಅವನಿಗೆ ತಿಳಿಯಲಿಲ್ಲ. ಟೀಚರ ಮುಖ ನೋಡಿದ.

“ಇನ್ನೂ ಸ್ವಲ್ಪ ಹೊತ್ತು ಅಂತಾನೆ” ಎಂದರು ಅವರು. ಧ್ವನಿ ಸಣ್ಣದಾಗಿತ್ತು.

ಅವನು ಮತ್ತೆ ಬೆಂಚಿನ ಮೇಲೆ ಕೂತ. ಆ ಬಸ್ಸು ಹೋಯಿತು. ರಾತ್ರಿ ಗಡಿಯಾರದಂಗಡಿಯವನು ತನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಲು ಜಾಗ ಕೊಟ್ಟ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟಾಗ ಟೀಚರ್ ಮೆಟ್ಟಿಲ ಕೆಳಗಿನವರೆಗೆ ಇಳಿದು ಬಂದರು.

ಅಲ್ಲಿಂದಾಚೆಗೆ ಅವನು ತಿಂಗಳಿಗೊಮ್ಮೆ ಹೋಗುತ್ತಾನೆ. ಅಣ್ಣನನ್ನು ಹೊತ್ತು ಇಳಿಸುತ್ತಾನೆ, ಹೊತ್ತು ಹತ್ತಿಸುತ್ತಾನೆ. ಓಣಿಯವರಿಗೆಲ್ಲ ಅವನ ಗುರುತಾಗಿದೆ. ಬಸ್ಸಿನಲ್ಲಿ ವಾಪಸು ಬರುವಾಗ ಕಂಡಕ್ಟರ್ ಅವನನ್ನು ಏನೂ ಕೇಳುವುದಿಲ್ಲ. ಟಿಕೇಟು ಹರಿದು ಕೊಟ್ಟು ಕಿಟಕಿಯ ಪಕ್ಕದ ಸೀಟು ತೋರಿಸುತ್ತಾನೆ. ಊರಿನಲ್ಲಿ ಕೆಲವರು ನಗುತ್ತಾರೆ, ಈ ವಯಸ್ಸಿನಲ್ಲಿ ಇದೇನು ಎನ್ನುತ್ತಾರೆ. ಅಕ್ಕ ಅಂಥವರ ಬಟ್ಟೆಯನ್ನು ಎರಡು ವಾರ ತಡಮಾಡಿ ಕೊಡುತ್ತಾಳೆ.